ಕುಸ್ವಾರ್ ತಟ್ಟೆಯಲ್ಲಿ ಡೆನ್ಮಾರ್ಕ್

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಆರೂಕಾಲರಿಂದ ನಮ್ಮವರು ತಮ್ಮ ಅಮ್ಮನ ಜೊತೆ ಮಾತು ಬಿಟ್ಟಿದ್ದಾರೆ. ಅತ್ತೆಗೆ ಇದಿನ್ನೂ ಗೊತ್ತಾಗಿಲ್ಲ. ಅವರು ಎಂದಿನಂತೆ ಮಾತಾಡುತ್ತಲೇ ಇದ್ದಾರೆ, ಮಗ ಎಂದಿನಂತೆ ಸುಮ್ಮನಿದ್ದಾನೆ. ನಲವತ್ತನಾಲ್ಕು ವರ್ಷದಿಂದ ನಡೆದು ಬಂದದ್ದೇ ಹೀಗಿರುವಾಗ ಮೌನವ್ರತ ಯಾವುದು, ಮಾಮೂಲು ಯಾವುದು ಎಂದು ಅವರಾದರೂ ಹೇಗೆ ಕಂಡುಹಿಡಿದಾರು?

ಜಗಳದ ಮೂಲ ಒಂದು ಸ್ಟೀಲ್ ತಟ್ಟೆ. ಉಳ್ಳಾಲದ ನಮ್ಮ ಓಣಿಯಲ್ಲಿ ತಟ್ಟೆಗೆ ಬ್ಯಾಂಕಿನ ಚೆಕ್ಕಿಗಿಂತ ಹೆಚ್ಚು ಮರ್ಯಾದೆ. ಅಷ್ಟಮಿಗೆ ನಮ್ಮಲ್ಲಿಂದ ಮೂಡೆ ಹೋಗುತ್ತದೆ. ಪೆರ್ನಾಲಿಗೆ ಎದುರಿನ ಬ್ಯಾರಿಗಳ ಮನೆಯಿಂದ ಬಿರಿಯಾನಿ ಬರುತ್ತದೆ. ಕ್ರಿಸ್‌ಮಸ್ಸಿಗೆ ಪಕ್ಕದ ಟೀಚರ ಮನೆಯಿಂದ ಕುಸ್ವಾರ್: ನೆವ್ರಿ, ಕಿಡಿಯೊ, ಚಕ್ಕುಲಿ, ಮತ್ತೆ ಗೋಲಿಯಂಥ ಗುಳಿಯೊ. ಬಂದ ತಟ್ಟೆ ಬರಿದಾಗಿ ಹಿಂದಕ್ಕೆ ಹೋಗುವಂತಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಬಾಳೆಹಣ್ಣು, ಅದೂ ಇಲ್ಲವೆಂದರೆ ಒಂದು ಹಿಡಿ ಸಕ್ಕರೆ. ಮಿಸಿಸಾಗದಲ್ಲಿ ನಮ್ಮ ಹನ್ನೆರಡನೆಯ ಮಹಡಿಗೆ ಯಾರ ತಟ್ಟೆಯೂ ಬರುವುದಿಲ್ಲ. ಹಾಗಾಗಿ ಈ ಶಾಸ್ತ್ರವೆಲ್ಲ ನನಗೆ ಮರೆತೇ ಹೋಗಿತ್ತು.

ಅಂದು ಮನೆಯಲ್ಲಿ ಬಾಳೆಹಣ್ಣಿರಲಿಲ್ಲ. ಏಳು ವರ್ಷದ ನನ್ನ ಮಗಳು ಊರಿಗೆ ಬಂದಂದಿನಿಂದ ಬಾಳೆಹಣ್ಣೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ‘ಟೂ ಸ್ಪೈಸಿ’ ಎಂದು ತಳ್ಳುತ್ತಿದ್ದಾಳೆ. ನೀರು ದೋಸೆಯೂ ಅವಳಿಗೆ ಖಾರವೇ. ಹೀಗೆ ಗೊನೆ ಖಾಲಿ. ಸಕ್ಕರೆ ಕೊಡೋಣವೆಂದರೆ ಹಬ್ಬದ ದಿನ, ಮೇಲಾಗಿ ಮಗ ಕೆನಡಾದಿಂದ ಬಂದಿದ್ದಾನೆ ಎಂದು ಓಣಿಗೆಲ್ಲ ಗೊತ್ತು. ಆಗ ಅತ್ತೆಗೆ ಅಟ್ಟದ ಮೇಲಿನ ಡಬ್ಬ ನೆನಪಾಯಿತು. ಡಬ್ಬದ ಮೇಲೆ ಚಿತ್ರ ಇತ್ತಲ್ಲ! ಬಿಸ್ಕತ್ತಿನ ಗೋಡೆ, ಪೆಪ್ಪರಮಿಂಟಿನ ಕಂಬ, ಮೇಲೆ ತೆಂಗಿನ ತುರಿ ಉದುರಿಸಿದ ಹಾಗೆ ಬಿಳಿ ಬಿಳಿ ಮಾಡು. ‘ಮೂರು ವರ್ಷದಿಂದ ಅಲ್ಲೇ ಉಂಟು. ಮಗ ತಂದವ ಮರೆತಿದ್ದಾನೆ ಪಾಪ. ಇರುವೆ ಹತ್ತುವ ಮೊದಲು ನಾಲ್ಕು ಜನ ತಿನ್ನಲಿ ಅಂತ ತೆಗೆದೆ’ ಎನ್ನುವುದು ಅವರ ಹೇಳಿಕೆ. ನಾನು ಎಷ್ಟು ಸಲ ಯೋಚಿಸಿದರೂ ಇದರಲ್ಲಿ ತಪ್ಪು ಕಾಣುತ್ತಿಲ್ಲ.

ಡಬ್ಬದಲ್ಲಿದ್ದದ್ದು ಲೆಗೋ. ‘ಜಿಂಜರ್‌ಬ್ರೆಡ್ ಹೌಸ್’, ಅಂದರೆ ಶುಂಠಿ ಬಿಸ್ಕತ್ತಿನ ಮನೆ. 2019ರ ಸೆಟ್ಟು, ಸಂಖ್ಯೆ 10267, ತುಂಡುಗಳು 1477. ಸೀಲು ಒಡೆಯದ್ದು. ಒಡೆಯದ್ದು ಎಂಬ ಪದವನ್ನು ನಮ್ಮವರು ಹೇಳುವಾಗ ಗಂಟಲು ಕಟ್ಟುತ್ತದೆ. ಆ ಸೀಲನ್ನು ಅತ್ತೆ ಮೆಟ್ಟುಕತ್ತಿಯಲ್ಲಿ ಸೀಳಿದರು. ಅದೇ ಮೆಟ್ಟುಕತ್ತಿಯಲ್ಲಿ ಬೆಳಿಗ್ಗೆ ಎಂಟು ಬಂಗುಡೆ ಕೊಯ್ದಿದ್ದರು.

ಒಳಗೆ ನಂಬರು ಹಾಕಿದ ಪ್ಲಾಸ್ಟಿಕ್ ಪೊಟ್ಟಣಗಳು. ಒಂದರಲ್ಲಿ ಗುಲಾಬಿ, ಬಿಳಿ, ಕೆಂಪು, ಗಾಜಿನಂತೆ ಹೊಳೆಯುವ ಹಸಿರು, ಹೀಗೆ ಚಿಕ್ಕ ಚಿಕ್ಕ ಗುಂಡು. ಕನ್ನಡಕ ಟಿ.ವಿ. ಮೇಲಿತ್ತು. ಅತ್ತೆ ಪೊಟ್ಟಣವನ್ನು ತಟ್ಟೆಗೆ ಸುರಿದು, ಮೇಲೊಂದು ಕ್ರೋಶೆ ಬಟ್ಟೆ ಮುಚ್ಚಿ, ಮೊಮ್ಮಗಳ ಕೈಯಲ್ಲಿ ಪಕ್ಕದ ಮನೆಗೆ ಕಳಿಸಿದರು. ಮೊಮ್ಮಗಳಿಗೆ ಅದು ಏನೆಂದು ಚೆನ್ನಾಗಿ ಗೊತ್ತಿತ್ತು. ‘ಹೇಳಬಾರದಾಗಿತ್ತಾ?’ ಎಂದು ಕೇಳಿದರೆ, ‘ಅಜ್ಜಿ ಡಿಡ್‌ನಾಟ್ ಆಸ್ಕ್’ ಎಂದಳು. ಇವಳನ್ನು ನಾವು ಶನಿವಾರ ಶನಿವಾರ ಕನ್ನಡ ಕ್ಲಾಸಿಗೆ ಬೇರೆ ಕಳಿಸುತ್ತೇವೆ.

ಮುಂದಿನದು ಟೀಚರು ಹೇಳಿ ಗೊತ್ತಾದದ್ದು. ಅವರ ಮಾವನಿಗೆ ಎಂಬತ್ತೊಂದು. ಮೇಲಿನ ಸಾಲು ಸೆಟ್ಟು, ಕೆಳಗಿನ ಸಾಲು ಸ್ವಂತದ್ದು. ತಟ್ಟೆ ಒಳಗೆ ಬಂದ ಕೂಡಲೇ ಮೊದಲ ಹಕ್ಕಿನಿಂದ ಒಂದು ಗುಲಾಬಿ ಗುಂಡು ಬಾಯಿಗಿಟ್ಟುಕೊಂಡರು. ಗುಳಿಯೊ ತಿಂದು ಬೆಳೆದ ಬಾಯಿ ಅದು. ಗಟ್ಟಿ ಪದಾರ್ಥಕ್ಕೆ ಹೆದರುವಂಥದ್ದಲ್ಲ. ಚೀಪಿದರು. ಎಡದವಡೆಗೆ ಒತ್ತಿದರು, ಬಲದವಡೆಗೆ ತಂದರು. ಜಗಲಿಯಲ್ಲಿ ಕೂತು ರೇಡಿಯೋದಲ್ಲಿ ವಾರ್ತೆ ಪೂರ್ತಿ ಕೇಳಿ, ಆಮೇಲೆ ಹವಾಮಾನ ಕೇಳಿ, ಸೊಸೆಯನ್ನು ಕರೆದು ಹೇಳಿದರಂತೆ: ‘ಸಿಹಿ ಕಮ್ಮಿ. ಆದರೆ ಫಾರಿನ್ ಮಾಲು ನೋಡು, ಕರಗುವುದೇ ಇಲ್ಲ.’

ಟೀಚರು ಕೈಯೊಡ್ಡಿ ಹೊರಗೆ ತೆಗೆಸಿದರು. ತುಂಡು ಹೇಗೆ ಹೋಗಿತ್ತೋ ಹಾಗೇ ಬಂತು, ಒಂದು ಗೀರು ಕೂಡ ಇಲ್ಲ. 1958ರಲ್ಲಿ ಪೇಟೆಂಟಾದ ಇಟ್ಟಿಗೆ ಇಂದಿನ ಇಟ್ಟಿಗೆಗೂ ಕಚ್ಚಿ ಕೂರುತ್ತದೆ ಎಂದು ನಮ್ಮವರು ಅಂಗಡಿಯವರಿಗಿಂತ ಹೆಚ್ಚು ಅಭಿಮಾನದಿಂದ ಹೇಳುತ್ತಿರುತ್ತಾರೆ. (ಅತ್ತೆಯ ಅಡುಗೆಮನೆಯಲ್ಲಿ ನಲವತ್ತು ಡಬ್ಬಗಳಿವೆ, ನಲವತ್ತು ಮುಚ್ಚಳಗಳಿವೆ, ಯಾವುದಕ್ಕೂ ಯಾವುದೂ ಕೂರುವುದಿಲ್ಲ.) ಆ ಪ್ಲಾಸ್ಟಿಕ್ಕಿಗೆ ಇಷ್ಟು ಕಠಿಣ ಪರೀಕ್ಷೆ ಡೆನ್ಮಾರ್ಕಿನಲ್ಲೂ ಆಗಿರಲಿಕ್ಕಿಲ್ಲ.

ಇತ್ತ ನಮ್ಮವರು ತೊಕ್ಕೊಟ್ಟಿನಲ್ಲಿ ಕ್ಷೌರ ಮುಗಿಸಿ ಬಂದು, ಅಡುಗೆಮನೆಯಲ್ಲಿ ಹೊಟ್ಟೆ ಸೀಳಿಸಿಕೊಂಡು ಬಿದ್ದ ಡಬ್ಬ ನೋಡಿದರು. ಮೊದಲು ಮೂಸಿದರು. ಆಮೇಲೆ ಗೋಡೆ ಹಿಡಿದು ಕೂತರು.

ಹೊರಗಿನವರಿಗೆ ಈ ದುಃಖ ಅರ್ಥವಾಗಬೇಕಾದರೆ ಹಿನ್ನೆಲೆ ಬೇಕು. 2009ರಲ್ಲಿ ಲೆಗೋದವರು ಚಳಿಗಾಲದ ಹಳ್ಳಿ ಎಂದು ಒಂದು ಆಟಿಕೆ ಅಂಗಡಿ ಬಿಟ್ಟರು. ಮರುವರ್ಷ ಬೇಕರಿ. ಹಳ್ಳಿಗೆ ಅಂಚೆಕಚೇರಿ ಬಂದದ್ದು 2011ರಲ್ಲಿ, ರೈಲು 2016ರಲ್ಲಿ, ಅಗ್ನಿಶಾಮಕ ಠಾಣೆ 2018ರಲ್ಲಿ. ನಮ್ಮ ಕಡೆಯ ಊರುಗಳಿಗೆ ಹೋಲಿಸಿದರೆ ಬಹಳ ಚುರುಕಾದ ಅಭಿವೃದ್ಧಿ. ವರ್ಷಕ್ಕೊಂದು ಸೆಟ್ಟು, ಒಂದೆರಡು ವರ್ಷ ಮಾರಾಟ, ಆಮೇಲೆ ‘ರಿಟೈರ್’. ರಿಟೈರಾದ ಕೂಡಲೇ ಬೆಲೆ ಏರುತ್ತದೆ. ನಾವು ಮನುಷ್ಯರಿಗೆ ಹಾಗಾಗುವುದಿಲ್ಲ. ಇದನ್ನು ಕೊಳ್ಳುವವರು ಮಕ್ಕಳಲ್ಲ, ಮೀಸೆ ನರೆತ ಗಂಡಸರು. ಡಿಸೆಂಬರಿನಲ್ಲಿ ಇಳಿಸಿ, ಹತ್ತಿ ಹಾಸಿ, ಹಳ್ಳಿ ಹೂಡಿ, ದೀಪ ಹಚ್ಚಿ, ಫೋಟೋ ಹೊಡೆದು, ಜನವರಿಯಲ್ಲಿ ಸುತ್ತಿ ಮೇಲಿಡುತ್ತಾರೆ. ಇನ್ನು ಕೆಲವರು ಇಳಿಸುವುದೂ ಇಲ್ಲ, ಸೀಲು ಒಡೆಯದೆ ಇಟ್ಟು ಮುಪ್ಪು ಕಾಯುತ್ತಾರೆ. ಮಾಸ್ಕೋದ ಇಬ್ಬರು ಅರ್ಥಶಾಸ್ತ್ರಜ್ಞೆಯರು 1987ರಿಂದ 2015ರವರೆಗಿನ 2,322 ಸೆಟ್ಟುಗಳ ಮರುಮಾರಾಟದ ಬೆಲೆ ಅಳೆದು, ಸರಾಸರಿ ವರ್ಷಕ್ಕೆ ಶೇ 11 ಲಾಭ ಎಂದು ಬರೆದಿದ್ದಾರೆ. ಆ ಒಂದು ಪ್ರಬಂಧ ನಮ್ಮ ದಾಂಪತ್ಯಕ್ಕೆ ಮಾಡಿದ ಹಾನಿ ಅವರಿಗೆ ಗೊತ್ತಿಲ್ಲ. ಮೊದಲ ಆಟಿಕೆ ಅಂಗಡಿಯನ್ನು ಕೂಡಿಟ್ಟವರು ಅದು ಬಂಗಾರವಾಗುತ್ತದೆ ಎಂದು ಕಾಯುತ್ತಿದ್ದಾಗ, 2015ರಲ್ಲಿ ಅದನ್ನೇ ಸ್ವಲ್ಪ ತಿದ್ದಿ ಮತ್ತೆ ಅಂಗಡಿಗೆ ಬಿಟ್ಟರು. ಆ ಅಧ್ಯಾಯವನ್ನು ಮಾತ್ರ ನಮ್ಮವರು ಓದಿ ಹೇಳುವುದಿಲ್ಲ.

ನಾನು ಮೈಸೂರಿನವಳು. ಈ ಹುಚ್ಚನ್ನು ನೋಡಿ ನನಗೆ ಮೊದಲ ದಿನವೇ ಗುರುತು ಸಿಕ್ಕಿತ್ತು. ಇದು ನಮ್ಮ ದಸರೆಯ ಗೊಂಬೆ ಕೂರಿಸುವುದೇ. ವರ್ಷಕ್ಕೊಂದು ಹೊಸ ಗೊಂಬೆ ಸೇರಬೇಕು, ಮೆಟ್ಟಿಲು ಬೆಸಸಂಖ್ಯೆಯಲ್ಲಿರಬೇಕು, ಒಂಬತ್ತು ದಿನ ಮಕ್ಕಳು ದೂರದಿಂದ ನೋಡಬೇಕು, ಆಮೇಲೆ ಹಳೆ ಸೀರೆ ಸುತ್ತಿ ನುಸಿಗುಳಿಗೆ ಹಾಕಿ ಟ್ರಂಕಿಗೆ. ನನ್ನಮ್ಮನ ಪಟ್ಟದ ಗೊಂಬೆಗಳನ್ನು ಮುಟ್ಟಿ ಬೆನ್ನಿಗೆ ಗುದ್ದಿಸಿಕೊಂಡ ನೆನಪು ಇನ್ನೂ ಹಸಿಯಾಗಿದೆ. ಆದರೆ ಹೀಗೆಂದು ಹೇಳಿದರೆ ನಮ್ಮವರಿಗೆ ಸಿಟ್ಟು. ಅವರದ್ದು ಹವ್ಯಾಸವಂತೆ, ನಮ್ಮದು ಹೆಂಗಸರ ಕಾಲಹರಣವಂತೆ.

ಕೆನಡಾದ ಹಿಮದ ಹಳ್ಳಿ ಉಳ್ಳಾಲದ ಅಟ್ಟಕ್ಕೆ ಹೇಗೆ ಬಂತು ಎಂದು ನೀವು ಕೇಳಬಹುದು. ಹೊರಗೆ ಮೂವತ್ತೆರಡು ಡಿಗ್ರಿ, ಕಡಲ ಉಪ್ಪುಗಾಳಿಗೆ ಕಿಟಕಿಯ ಕೊಂಡಿಗಳೂ ಕರಗುವ ಊರು, ಮಳೆಗಾಲದಲ್ಲಿ ಚಪ್ಪಲಿಗೂ ಬೂಸಲು. ಯಾವ ಸಂಗ್ರಾಹಕನೂ ಇಂಥಲ್ಲಿ ಡಬ್ಬ ಇಡುವುದಿಲ್ಲ. ನಮ್ಮವರ ತರ್ಕ ಬೇರೆ. ಮಗಳ ಕೈಗೆ ಸಿಗಬಾರದು, ಹೆಂಡತಿಯ ಲೆಕ್ಕಕ್ಕೆ ಬರಬಾರದು. ಅದಕ್ಕೆ ವರ್ಷಕ್ಕೊಂದರಂತೆ ಸೂಟ್‌ಕೇಸಿನಲ್ಲಿ, ನನ್ನ ಸೀರೆಗಳ ಅಡಿಯಲ್ಲಿ ಸಾಗಾಟ. ‘ಅಮ್ಮನಷ್ಟು ಭದ್ರವಾದ ತಿಜೋರಿ ಪ್ರಪಂಚದಲ್ಲಿಲ್ಲ. ಅವರು ಏನನ್ನೂ ಬಿಸಾಡುವುದಿಲ್ಲ, ಏನನ್ನೂ ಬಿಚ್ಚುವುದಿಲ್ಲ’ ಎಂದು ಅವರೇ ಹೆಮ್ಮೆಪಟ್ಟಿದ್ದು ನನಗೆ ನೆನಪಿದೆ. ಆದರೆ ಪೋರ್ಚುಗೀಸರಿಗೇ ಬಗ್ಗದ ರಾಣಿ ಅಬ್ಬಕ್ಕನ ಊರಿನ ಹೆಂಗಸಿಗೆ ಡೆನ್ಮಾರ್ಕಿನದೊಂದು ರಟ್ಟಿನ ಡಬ್ಬ ಯಾವ ಲೆಕ್ಕ!

ವಾಗ್ವಾದ ದೊಡ್ಡದಾಗಿಯೇ ನಡೆಯಿತು. ‘ಆಡುವ ಸಾಮಾನು, ಮಗು ಇರುವ ಮನೆ. ಬಿಚ್ಚಿದ್ದಕ್ಕೆ ಎಂತ ಆಯಿತು ಮಾರಾಯ?’ ಎಂದರು ಅತ್ತೆ. ಲೆಗೋ ಎಂದರೆ ಡ್ಯಾನಿಶ್ ಭಾಷೆಯಲ್ಲಿ ‘ಚೆನ್ನಾಗಿ ಆಡು’ ಎಂಬ ಮಾತಿನಿಂದ ಬಂದ ಹೆಸರು ಎಂದು ಅದೇ ಹೊತ್ತಿಗೆ ನೆನಪಿಸಿ ನಾನೂ ನನ್ನ ಪಾಲಿನ ಎಣ್ಣೆ ಹೊಯ್ದೆ. ನಮ್ಮವರು ಕೆರಳಿ, ‘ನಿಮ್ಮ ಸಾಮಾನನ್ನು ಹೀಗೇ ಯಾರಾದರೂ ಬಿಚ್ಚಿದರೆ?’ ಎಂದು ಅಮ್ಮನ ಕಬ್ಬಿಣದ ಕಪಾಟಿನ ಬಾಗಿಲು ತೆಗೆದರು.

ಅದೊಂದು ಮ್ಯೂಸಿಯಂ. ಹನ್ನೆರಡು ತಟ್ಟೆಯ ಗಾಜಿನ ಸೆಟ್ಟು, ಥರ್ಮಕೋಲು ಸಮೇತ. ಮೂರು ಹಾಟ್‌ಬಾಕ್ಸು. ನಾನು ಮದುವೆಯಾದ ವರ್ಷ ಕೊಟ್ಟ ಸ್ವೆಟರು, ಗುಂಡುಸೂಜಿ ತೆಗೆಯದ್ದು. ಸೆಂಟಿನ ಬಾಟಲಿಗಳು, ಕಾಗದ ಬಿಚ್ಚದೆಯೇ ಆರಿ ಅರ್ಧವಾದವು. ಎಲ್ಲದರ ಹಿಂದೆ ಒಂದು ಟೀ ಸೆಟ್ಟು. ಕೆನಡಾಕ್ಕೆ ಹೋಗುವ ಮೊದಲು ನಮ್ಮವರು ದುಬೈಯಲ್ಲಿದ್ದಾಗ ಮೊದಲ ಸಂಬಳದಲ್ಲಿ ಕೊಂಡು ತಂದದ್ದು. ಸುತ್ತಿದ ಪ್ಲಾಸ್ಟಿಕ್ಕು ಹಳದಿಗೆ ತಿರುಗಿದೆ, ಟೇಪು ಹಾಗೇ ಇದೆ. ಸಂಗ್ರಾಹಕರ ಭಾಷೆಯಲ್ಲಿ ಅತ್ಯುತ್ತಮ ಸ್ಥಿತಿ.

‘ಇದನ್ನು ಯಾಕೆ ತೆಗೆಯಲಿಲ್ಲ?’ ಎಂದರು ನಮ್ಮವರು. ಮೌನವ್ರತಕ್ಕೆ ಮುಂಚಿನ ಕೊನೆಯ ಮಾತುಕತೆ ಇದೇ.

‘ನೀನು ಬಂದಾಗ ತೆಗೆಯುವ ಅಂತ ಇಟ್ಟದ್ದು.’

‘ವರ್ಷ ವರ್ಷ ಬರ್ತಿದ್ದೇನಲ್ಲ?’

‘ಹೋಗದೆ ಇರಲಿಕ್ಕೆ ಬಂದಾಗ’ ಎಂದು ಹೇಳಿ ಅತ್ತೆ ಬಂಗುಡೆಯ ಮಸಾಲೆ ನೋಡಲು ಒಳಗೆ ಹೋದರು.

ಸ್ವಲ್ಪ ಹೊತ್ತು ಯಾರೂ ಏನೂ ಆಡಲಿಲ್ಲ. ಆ ಹೊತ್ತನ್ನು ನನ್ನ ಮಗಳು ಬಹಳ ಚೆನ್ನಾಗಿ ಬಳಸಿಕೊಂಡು ಉಳಿದ ಅಷ್ಟೂ ಪೊಟ್ಟಣ ಹರಿದುಬಿಟ್ಟಿದ್ದಳು.

ರಾತ್ರಿ ಎಂಟಕ್ಕೆ ನಮ್ಮವರು ಮುಖ ಗಂಟು ಹಾಕಿಕೊಂಡು ಪಕ್ಕದ ಮನೆಗೆ ವಸೂಲಿಗೆ ಹೊರಟರು. ಕೊಟ್ಟ ತಿಂಡಿಯನ್ನು ವಾಪಸು ಕೇಳಲು ಹೋದ ಮೊದಲ ಮನುಷ್ಯ ಆ ಓಣಿಯ ಚರಿತ್ರೆಯಲ್ಲಿ ಇವರೇ. ಅಲ್ಲಿ ರಾತ್ರಿಯ ಬಲಿಪೂಜೆಗೆ ಹೊರಡುವ ಗಡಿಬಿಡಿ, ಹೊಸ ಬಟ್ಟೆಯ ಇಸ್ತ್ರಿ ವಾಸನೆ. ಟೀಚರು ನಕ್ಕು ತಟ್ಟೆ ಮುಂದಿಟ್ಟರು. ಮಾವನವರು ತಮ್ಮ ಗುಲಾಬಿ ಗುಂಡನ್ನು ತೊಳೆದು ಕಾಗದದಲ್ಲಿ ಕಟ್ಟಿ ಪ್ರತ್ಯೇಕ ಕೊಟ್ಟರು. ಎಲ್ಲ ಬಂತು, ಶುಂಠಿ ಬಿಸ್ಕತ್ತಿನ ಪಾಪುವೊಂದು ಬಿಟ್ಟು. ಬೆರಳ ತುದಿಯಷ್ಟಿರುವ ಕಂದು ಬಣ್ಣದ ಪಾಪು. ಅದು ಅಷ್ಟರಲ್ಲೇ ಗೋದಲಿ ಸೇರಿತ್ತು. ಟೀಚರ ಮೊಮ್ಮಗ ಹುಲ್ಲಿನ ಮೇಲೆ, ಕುರಿಮರಿಗಳ ಪಕ್ಕ ಅದಕ್ಕೆ ಜಾಗ ಮಾಡಿಕೊಟ್ಟಿದ್ದ. ಮುಟ್ಟಲು ಹೋದರೆ ತಾರಸ್ವರದಲ್ಲಿ ಅಳು. ‘ಮೂವರು ರಾಯರ ಹಬ್ಬ ಆಗುವವರೆಗೆ ಗೋದಲಿಯಿಂದ ಯಾರನ್ನೂ ಎತ್ತುವ ಕ್ರಮ ಇಲ್ಲ’ ಎಂದು ಮಾವನವರು ತೀರ್ಪು ಕೊಟ್ಟರು. ಆ ಹಬ್ಬ ಜನವರಿ 6ಕ್ಕೆ. ನಮ್ಮ ವಿಮಾನ ಜನವರಿ 4ಕ್ಕೆ.

ಮಾರನೆಯ ದಿನ ಎಣಿಕೆ. ನಮ್ಮವರು ತುಂಡು ಬೇರ್ಪಡಿಸಲು ಮಿಸಿಸಾಗದಲ್ಲಿ ಇಪ್ಪತ್ತನಾಲ್ಕು ಖಾನೆಯ ಪೆಟ್ಟಿಗೆ ಇಟ್ಟಿದ್ದಾರೆ. ಇಲ್ಲಿ ಅತ್ತೆ ಎರಡು ಗೆರಸೆ ತಂದರು. ಕುಚ್ಚಲಕ್ಕಿಯ ಕಲ್ಲು ಆರಿಸಿದ ಬೆರಳು. ಒಂದು ಕುಲುಕಿಗೆ ದಪ್ಪದ್ದು ಹಿಂದೆ, ಚಿಕ್ಕದು ಮುಂದೆ. ಬಣ್ಣಬಣ್ಣವಾಗಿ ಸಾಲು ಮಾಡಿ ಮುಗಿಸುವ ಹೊತ್ತಿಗೆ ಗಂಜಿ ಕೂಡ ಬೆಂದಿರಲಿಲ್ಲ. ನಮ್ಮವರು ಮಾತು ಬಿಟ್ಟವರಾದ್ದರಿಂದ ಹೊಗಳಲಿಲ್ಲ. ಆದರೆ ಬಾಯಿ ತೆರೆದಿದ್ದು ನಾನು ನೋಡಿದೆ.

ಎಣಿಸಿದರೆ 1491. ಡಬ್ಬದ ಲೆಕ್ಕ 1477. ತೀರಾ ಸಣ್ಣ ತುಂಡುಗಳು ತಕ್ಕಡಿಗೆ ಸರಿಯಾಗಿ ಸಿಗುವುದಿಲ್ಲವೆಂದು ಕಂಪನಿಯವರು ಒಂದೊಂದು ಹೆಚ್ಚಿಗೆ ಹಾಕುತ್ತಾರೆ. ಅತ್ತೆಗೆ ಇದು ಬಹಳ ಮೆಚ್ಚಿಗೆಯಾಯಿತು. ‘ಕೊಸರು ಹಾಕಿದ್ದಾರೆ! ನಮ್ಮ ಮೀನಿನವಳೂ ಈಗ ಹಾಕುವುದಿಲ್ಲ. ಲೆಕ್ಕಕ್ಕಿಂತ ಹದಿನಾಲ್ಕು ಜಾಸ್ತಿಯೇ ಉಂಟಲ್ಲ, ಮತ್ತೆ ಇವ ಎಂತ ಕಮ್ಮಿ ಅಂತ ಮುಖ ಊದಿಸಿದ್ದು?’ ಇದಕ್ಕೆ ಉತ್ತರ ನಮ್ಮ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ಮನೆ ಕಟ್ಟಿ ಆಯಿತು. ಟಿ.ವಿ. ಮೇಲೆ, ದೇವರ ಕ್ಯಾಲೆಂಡರಿನ ಕೆಳಗೆ ಇದೆ. ಒಳಗಿನ ಒಲೆಯ ದೀಪವನ್ನು ಒತ್ತಿ ಒತ್ತಿ ತೋರಿಸಲು ಅತ್ತೆ ಓಣಿಯವರನ್ನೆಲ್ಲ ಕರೆಯುತ್ತಿದ್ದಾರೆ. ಹತ್ತಿರ ಹೋದರೆ ಬಂಗುಡೆಯ ವಾಸನೆ ಇನ್ನೂ ಇದೆ. ಅಪ್ಪ ಅಮ್ಮ ಬಿಸ್ಕತ್ತುಗಳು ಬಾಗಿಲಲ್ಲಿ ನಿಂತು ಪಕ್ಕದ ಮನೆಯ ಕಡೆ ನೋಡುತ್ತಿವೆ, ನಿಲ್ಲಿಸಿದ್ದು ನಮ್ಮವರು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಜನವರಿ 6ರ ನಂತರ ಮಂಗಳೂರಿನಿಂದ ಟೊರಾಂಟೊ ಕಡೆ ಬರುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ತರಬೇಕಾದ್ದು ಒಂದು ಪಾಪು. ಜೇಬಿನಲ್ಲಿ ಹಿಡಿಸುತ್ತದೆ, ತೂಕ ಲೆಕ್ಕಕ್ಕೇ ಇಲ್ಲ. ಅದರ ಜೊತೆ ಅತ್ತೆ ಐದು ಕೆ.ಜಿ. ಕುಚ್ಚಲಕ್ಕಿ, ಎರಡು ಕಟ್ಟು ಹಲಸಿನ ಹಪ್ಪಳ ಮತ್ತು ಒಂದು ಬಾಟಲಿ ಮಾವಿನ ಮಿಡಿ ಕೊಡುತ್ತಾರೆ. ಬೇಡ ಎಂದರೆ ಅವರು ಕೇಳುವುದಿಲ್ಲ.