ಹುಲ್ಲಿಗೆ ಪಹಣಿ ಎಲ್ಲಿದೆ ಸ್ವಾಮಿ?

ಜೂನ್ 5 ಬಂತೆಂದರೆ ನಮ್ಮಲ್ಲಿ ಬಯಲಿಗೆ ಉಳಿಗಾಲವಿಲ್ಲ. ಮರವಿಲ್ಲದ ಕಡೆ ಪರಿಸರವೂ ಇಲ್ಲ ಎಂಬುದು ನಮ್ಮ ಗಟ್ಟಿ ನಂಬಿಕೆ. ಬೆಳಗಾಗುವಷ್ಟರಲ್ಲಿ ಜೆಸಿಬಿ ಬಂದು ಹುಲ್ಲು ಕೆರೆದು, ಸಾಲಾಗಿ ಗುಂಡಿ ತೋಡಿ, ಶಾಮಿಯಾನಕ್ಕೂ ಜಾಗ ಸಪಾಟು ಮಾಡಿರುತ್ತದೆ. ಸಾಹೇಬರು ಬರುತ್ತಾರೆ, ಒಂದೇ ಸಸಿಗೆ ಹತ್ತು ಜನ ಕೈ ಹಚ್ಚುತ್ತಾರೆ, ಫೋಟೊ ಆಗುತ್ತದೆ. ಗೂಡಿನ ಗೊಡವೆಯೇ ಇಲ್ಲದೆ ನೆಲದ ಮೇಲೆ ಒಂದು ಮೊಟ್ಟೆಯಿಟ್ಟು ಕಾವಿಗೆ ಕೂರುವ ಹಕ್ಕಿಗೆ ಆಹ್ವಾನ ಪತ್ರಿಕೆ ಹೋಗಿರುವುದಿಲ್ಲ.

ಅದರ ಹೆಸರು ಎರೆಭೂತ. ಗಂಡು 15 ಕಿಲೋವರೆಗೂ ತೂಗಿ, ಆ ಮೈ ಹೊತ್ತುಕೊಂಡೇ ಹಾರುತ್ತದೆ. ಇದನ್ನೇ ರಾಷ್ಟ್ರಪಕ್ಷಿ ಮಾಡಿ ಎಂದವರು ಪಕ್ಷಿತಜ್ಞ ಸಲೀಂ ಅಲಿ. 1963ರಲ್ಲಿ ಪಟ್ಟ ನವಿಲಿಗೆ ಹೋಯಿತು. ಒಳ್ಳೆಯದೇ ಆಯಿತೆನ್ನಿ. ಈಗ ಬಯಲಿನಲ್ಲಿ ಉಳಿದಿರುವುದು ಹೆಚ್ಚೆಂದರೆ ನೂರೈವತ್ತು, ಬಹುಪಾಲು ರಾಜಸ್ಥಾನದಲ್ಲಿ. ನಮ್ಮ ಪಾಲಿಗೆ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು.

ಒಂದು ಕಾಲಕ್ಕೆ ರಾಣೆಬೆನ್ನೂರಿನಲ್ಲೂ ಇತ್ತು. 1974ರಲ್ಲಿ ಅಲ್ಲಿ ಕೃಷ್ಣಮೃಗ ಅಭಯಾರಣ್ಯ ಆಯಿತು, 119 ಚದರ ಕಿಲೋಮೀಟರ್. ಎರಡೂ ಬಯಲಿನ ಜೀವಗಳು. ದೂರದಿಂದ ಬರುವ ಶತ್ರು ಕಣ್ಣಿಗೆ ಬೀಳಬೇಕು, ಓಡಲು ಜಾಗ ಬೇಕು. ನಾವೋ, ಪಾಪ ಬಿಸಿಲಲ್ಲಿ ನಿಂತಿವೆಯಲ್ಲ ಎಂದು ಮರುಗಿ ನೀಲಗಿರಿ ನೆಟ್ಟು ನೆರಳು ಕೊಟ್ಟೆವು. ದನ ಮೂಸಿಯೂ ನೋಡುವುದಿಲ್ಲ ಎಂಬುದೇ ಆ ಮರಕ್ಕಿದ್ದ ಅರ್ಹತೆ. ಎರೆಭೂತ ತಕರಾರು ಅರ್ಜಿಯನ್ನೂ ಕೊಡದೆ ಜಾಗ ಖಾಲಿ ಮಾಡಿತು. ಕೃಷ್ಣಮೃಗ ಪಕ್ಕದ ಗೋವಿನಜೋಳದ ಹೊಲಕ್ಕೆ ನುಗ್ಗಿತು. ಹೊಲದವರು ಪರಿಹಾರಕ್ಕೆಂದು ಕಚೇರಿ ಮೆಟ್ಟಿಲು ಹತ್ತಿದರು. ಹೊಸದಾಗಿ ನೀಲಗಿರಿ ಬೆಳೆಸಕೂಡದೆಂದು 2017ರಲ್ಲಿ ಸರ್ಕಾರಕ್ಕೇ ಜ್ಞಾನೋದಯವಾಯಿತು. ಇನ್ನು ಮರವೆಲ್ಲ ಕಾಗದವಾಗುತ್ತದಲ್ಲ, ಎರೆಭೂತ ಸಂರಕ್ಷಣೆಯ ವರದಿಯನ್ನು ಅದರಲ್ಲೇ ಅಚ್ಚು ಹಾಕಿಸಿದರಾಯಿತು!

ಮರ ನೆಡದ ಕಡೆಗೂ ನಮ್ಮ ಕೃಪೆ ತಪ್ಪಿಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಸಾವಿರಾರು ಎಕರೆ ಹುಲ್ಲುಗಾವಲು ದೇಶದ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಕುರಿ ಹೊಡೆದುಕೊಂಡು ಬಂದವರಿಗೆ ಎದುರಾದದ್ದು ಗೋಡೆ. ರಾಜಸ್ಥಾನದಲ್ಲಿ ಗಾಳಿಯಂತ್ರ, ಸೋಲಾರ್ ಫಲಕ, ಅವುಗಳಿಂದ ಹೊರಟ ತಂತಿಸಾಲು. ಎರೆಭೂತಕ್ಕೆ ಮುಂದಿನದು ಸರಿಯಾಗಿ ಕಾಣುವುದಿಲ್ಲ. ಕಂಡರೂ ಅಷ್ಟು ಭಾರದ ಮೈಯನ್ನು ಥಟ್ಟನೆ ತಿರುಗಿಸಲಾಗದೆ ಹೋಗಿ ಬಡಿಯುತ್ತದೆ. ತಂತಿಯನ್ನು ನೆಲದಡಿಗೆ ಹಾಕಿ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಷ್ಟುದ್ದಕ್ಕೂ ಆಗದ ಮಾತೆಂದು ಸರ್ಕಾರ ಗೋಗರೆದ ಮೇಲೆ 2024ರಲ್ಲಿ ಆದೇಶ ಸಡಿಲವಾಗಿ, ವಿಷಯ ತಜ್ಞರ ಸಮಿತಿಗೆ ಹೋಯಿತು. ಸಾಯುವ ಹಕ್ಕಿಗೆ ಒಂದು ಸಮಾಧಾನವಿದೆ: ಹೊಡೆದದ್ದು ಹೊಗೆಯಿಲ್ಲದ, ಹಸಿರು ವಿದ್ಯುತ್ತು.

ಹೀಗಿರುವಾಗ ಉಳಿದಿರುವುದು ಕಾನೂನಿನ ದಾರಿ. ತಲೆಮಾರುಗಳಿಂದ ಸರ್ಕಾರಿ ಜಮೀನಿನಲ್ಲಿ ಬೀಡುಬಿಟ್ಟ ಹಕ್ಕಿ, ಬಗರ್‌ಹುಕುಂನಲ್ಲಿ ಸಕ್ರಮಕ್ಕೆ ಅರ್ಜಿ ಹಾಕಬಾರದೇಕೆ? ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆದುಕೊಡುವವರನ್ನು ಕೇಳಿದೆ. ಆಧಾರ್ ಇಲ್ಲದ್ದು ಅವರಿಗೆ ದೊಡ್ಡ ತೊಡಕೆನಿಸಲಿಲ್ಲ. ಪೆನ್ನು ನಿಂತದ್ದು ಬೆಳೆ ಯಾವುದು ಎಂಬಲ್ಲಿ.

‘ಹುಲ್ಲು’ ಎಂದೆ.

‘ಹುಲ್ಲು ಅಂದ್ರ ಖರಾಬು ಅಂತ ತೆಗದ್ ಒಗಿತಾರ್ರೀ ಸಾಹೇಬ್ರ. ನೀಲಗಿರಿ ಅಂತ ಬರೀಲೇನು?’