ಮಾದಪ್ಪನ ಲೈವು

(ಕೊಳ್ಳೇಗಾಲ ಸೀಮೆಯ ಒಂದು ಜಗಲಿ. ಕಂಸಾಳೆ ತಾತ, ಮೊಬೈಲು ಹಿಡಿದ ಮೊಮ್ಮಗ.)

ಮೊಮ್ಮಗ: ತಾತ, ಮಾದಪ್ಪನ ಕಥೆ ಮೂವತ್ತು ಸೆಕೆಂಡಲ್ಲಿ ಮುಗಿಸ್ಬೇಕು.

ತಾತ: ರಾತ್ರಿಯೆಲ್ಲಾ ಹಾಡಿದ್ರೂ ಮುಗಿಯದು ಕಣ್ಲಾ! ಅಷ್ಟೊತ್ತಿಗೆ ಗುರುವಿಗೆ ಶರಣನ್ನೋದೂ ಆಗಕಿಲ್ಲ.

ಮೊಮ್ಮಗ: ಬೆಟ್ಟದಿಂದ ಬಿಟ್ಟ ಲೈವು ಅರ್ಧಕ್ಕೇ ನಿಂತೋಯ್ತು.

ತಾತ: ಸ್ವಾಮಿಗೆ ಎಪ್ಪತ್ತೇಳು ಮಲೆ. ನಿನ್ನ ನೆಟ್‌ವರ್ಕು ಒಂದು ಮಲೆ ಹತ್ನಿಲ್ವಾ?

ಮೊಮ್ಮಗ: ಹಾಡು ತಮ್ದು ಅಂತ ಯಾವ್ದೋ ಕಂಪ್ನಿ ವಿಡಿಯೊ ತೆಗೆಸ್ಬುಡ್ತು.

ತಾತ: 1973ರಲ್ಲಿ ಪಿ.ಕೆ. ರಾಜಶೇಖರ ‘ಮಲೆಯ ಮಾದೇಶ್ವರ’ ಅಚ್ಚು ಹಾಕ್ಸಿದ್ದೂ ನಮ್ಮೋರ ಬಾಯಿಂದ ಕೇಳೇ. ಕಂಪ್ನಿಯೋರು ಯಾರ ತಾವ ದೀಕ್ಷೆ ತಕಂಡವ್ರೆ?

ಮೊಮ್ಮಗ: ಅದಿರ್ಲಿ, ಜೋಳಿಗೆ ಮೇಲೆ ಕ್ಯೂಆರ್ ಕೋಡು ಅಂಟಿಸ್ತೀನಿ.

ತಾತ: ಅಂಟಿಸು. ಮನೆ ಮುಂದೆ ಕೇಳ್ದೋರು ರಾಗಿ ಹಾಕೋರು; ಇವ್ರು ಲೈಕು ಹಾಕ್ತಾರೆ. ಲೈಕಲ್ಲಿ ಮುದ್ದೆ ತಿರುವಕ್ಕಾದದಾ? ನೋಡೋ ಮಹಾಜನಗಳೇ, ಒಂದು ಸೇರು ರಾಗೀನೂ ಕಳಿಸ್ರಪ್ಪಾ!