9 ಮೀಟರಿನ ಗೌಡರು

(ಮೂಡಿಗೆರೆ ಕಡೆಯ ಕಾಫಿ ತೋಟ. ಕೆರೆಯ ಮಣ್ಣಿನ ಏರಿ ಮೇಲೆ ಗೌಡರು. ಬುಡದಲ್ಲಿ ಬಗ್ಗಿ ನಿಂತ ಇಂಜಿನಿಯರ್.)

ಗೌಡರು: ಬನ್ನಿ ಸಾರ್, ಕಾಫಿ ಆರುತ್ತೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಗೆ 15 ಮೀಟರ್ ದಾಟಬೇಕಂತೆ. ನಂದು ಬರೀ 9.

ಇಂಜಿನಿಯರ್: 10ರಿಂದ 15ರೊಳಗಿನ ಕೆಲವೂ ಸೇರುತ್ತೆ ಗೌಡ್ರೇ.

ಗೌಡರು: ಅದಕ್ಕೇ ಅಪ್ಪ 9ಕ್ಕೇ ನಿಲ್ಲಿಸಿದ್ದು! ಕಾಯ್ದೆ ಮಟ್ಟಿಗೆ ಇದು ಅಣೆಕಟ್ಟೇ ಅಲ್ಲ.

ಇಂಜಿನಿಯರ್: ಕಾಯ್ದೆಗೆ ಅಲ್ಲ, ನೀರಿಗೆ ಹೌದು. ಇಲ್ಲಿ ಜಿನುಗ್ತಿರೋದು ತಿಳಿ ಇದ್ದಿದ್ರೆ ಚಿಂತೆ ಕಮ್ಮಿ. ಕೆಂಪಗಿದೆ, ಏರಿಯ ಒಳಗಿನ ಮಣ್ಣೇ ಕರಗಿ ಬರ್ತಿದೆ.

ಗೌಡರು: ಫಲವತ್ತಾದ ಮಣ್ಣು ಸಾರ್! (ಮಣ್ಣಿನ ವಿಷಯದಲ್ಲಿ ಗೌಡರು ಸುಳ್ಳು ಹೇಳುವವರಲ್ಲ.) 'ಕಡಿಮೆ ಅಪಾಯ' ಅಂತ ಬರೆದುಕೊಡಿ.

ಇಂಜಿನಿಯರ್: ಆ ದರ್ಜೆ ಏರಿ ಎಷ್ಟು ಗಟ್ಟಿ ಅಂತ ಅಲ್ಲ, ಒಡೆದರೆ ಕೆಳಗೆ ಯಾರಿದ್ದಾರೆ ಅಂತ. ನಿಮ್ಮ ಕೂಲಿಯಾಳುಗಳ ಲೈನ್ ಮನೆಗಳಿವೆ.

ಗೌಡರು: ಅವರೆಲ್ಲ ಟೆಂಪರರಿ!

ಇಂಜಿನಿಯರ್: ಕೋಡಿ ಎಲ್ಲಿ?

ಗೌಡರು: ಹೂವಿಗೆ ಸ್ಪ್ರಿಂಕ್ಲರ್ ಹಾಕೋಕೆ ನೀರು ಬೇಕಲ್ಲ, ಮರಳು ಚೀಲ ಇಟ್ಟು ಮುಚ್ಚಿಸಿದೀನಿ.

ಇಂಜಿನಿಯರ್: ಹವಾಯಿಯ ಕಾ ಲೋಕೋ ಕಟ್ಟೆಯೂ ಖಾಸಗಿ. ಕಡತದಲ್ಲಿ 'ಕಡಿಮೆ ಅಪಾಯ'. 2006ರಲ್ಲಿ ಒಡೆದು 7 ಜನ ಹೋದ್ರು.

ಗೌಡರು: ನೋಡಿ, ಕಡಿಮೆಯೇ ಅಲ್ವಾ!

ಇಂಜಿನಿಯರ್: ನಿಮ್ಮ ಹೊಸ ಹೋಂಸ್ಟೇ ಎಲ್ಲಿ ಬರುತ್ತೆ?

ಗೌಡರು: ಇಲ್ಲೇ ಕೆಳಗೆ, ಹಳ್ಳದ ದಂಡೇಲಿ... ಲೇ ಮಂಜಾ, ಆ ಚೀಲ ತೆಗೆಸೋ!